ಕೆಸುವಿನೆಲೆಯ ಮೇಲೊಂದು ಯುರೇನಿಯಂ ಹನಿ

ಪಿಯುಸಿ ಎರಡನೆಯ ವರ್ಷದಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಪರಮಾಣು ವಿದಳನದ ಪಾಠಕ್ಕೆ ಬಂದ ದಿನ ಕರಿಹಲಗೆಯ ಮೇಲೆ ಒಂದು ಕ್ಯಾರಂ ಬೋರ್ಡನ್ನು ಬರೆದರು. ನಡುವೆ ಗುಂಪಾಗಿ ಜೋಡಿಸಿದ ಕಾಯಿಗಳು ಯುರೇನಿಯಂ ನ್ಯೂಕ್ಲಿಯಸ್ಸು, ಹೊರಗಿನಿಂದ ರಭಸದಿಂದ ಬರುವ ಸ್ಟ್ರೈಕರ್ ನ್ಯೂಟ್ರಾನು, ಹೊಡೆತ ಬಿದ್ದೊಡನೆ ಕಾಯಿಗಳು ಚದುರುವುದೇ ವಿದಳನ. ನಮಗೆಲ್ಲ ಪಾಠ ಅರ್ಥವಾಯಿತು. ಹತ್ತು ನಿಮಿಷದ ನಂತರ ಅವರೇ ಇನ್ನೊಂದು ವಾಕ್ಯವನ್ನೂ ಬರೆಸಿದರು: ಯುರೇನಿಯಂ 235ರ ವಿದಳನಕ್ಕೆ ವೇಗದ ನ್ಯೂಟ್ರಾನಿಗಿಂತ ನಿಧಾನದ ನ್ಯೂಟ್ರಾನೇ ಹೆಚ್ಚು ಸಮರ್ಥ. ಚಿತ್ರವನ್ನೂ ವಾಕ್ಯವನ್ನೂ ನಾನು ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದುಕೊಂಡೆ, ಪರೀಕ್ಷೆಯಲ್ಲಿ ಎರಡನ್ನೂ ಬರೆದು ಅಂಕವನ್ನೂ ಪಡೆದೆ. ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಮನೆಯ ಮಕ್ಕಳೊಡನೆ ಕ್ಯಾರಂ ಆಡುತ್ತಿದ್ದಾಗ. ಮೆಲ್ಲಗೆ ತಳ್ಳಿದ ಸ್ಟ್ರೈಕರ್‌ಗೆ ಯಾವ ಗುಂಪೂ ಚದುರುವುದಿಲ್ಲ.

ತಪ್ಪು ಮೇಷ್ಟ್ರದಲ್ಲ, ‘ಒಡೆಯುವುದು’ ಎಂಬ ಕ್ರಿಯಾಪದದ್ದು ಎಂದು ಈಗ ನನಗನ್ನಿಸುತ್ತದೆ. ತೆಂಗಿನಕಾಯಿ ಒಡೆಯುತ್ತೇವೆ, ಕಲ್ಲು ಒಡೆಯುತ್ತೇವೆ, ಸೌದೆ ಒಡೆಯುತ್ತೇವೆ. ಎಲ್ಲ ಕಡೆಯೂ ಶಕ್ತಿ ಬರುವುದು ಒಡೆಯುವವನ ತೋಳಿನಿಂದ. ಯುರೇನಿಯಂನಲ್ಲಿ ಶಕ್ತಿಯೆಲ್ಲ ಒಡೆದುಕೊಳ್ಳುವ ವಸ್ತುವಿನೊಳಗೇ ಇರುತ್ತದೆ, ಹೊರಗಿನಿಂದ ಬಂದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ‘ವಿದಳನ’ ಎಂಬ ಪಾರಿಭಾಷಿಕ ಪದ ಈ ವಿಷಯದಲ್ಲಿ ಸ್ವಲ್ಪ ಮೇಲು. ಅದರೊಳಗಿನ ದಳ ದ್ವಿದಳ ಧಾನ್ಯದ ದಳವೇ ಆಗಿರುವುದರಿಂದ, ಎರಡಾಗುವ ಗೆರೆಯನ್ನು ತನ್ನೊಳಗೇ ಇಟ್ಟುಕೊಂಡ ಕಾಳನ್ನು ಅದು ನೆನಪಿಸುತ್ತದೆ. ಈ ಕ್ರಿಯೆಗೆ ಮೊದಲು ಹೆಸರಿಟ್ಟ ಆಟೋ ಫ್ರಿಶ್ ಅವರೂ ಪದವನ್ನು ಸುತ್ತಿಗೆಯ ಲೋಕದಿಂದ ತರಲಿಲ್ಲ. ಜೀವಕೋಶ ಎರಡಾಗುವುದಕ್ಕೆ ನೀವು ಏನೆನ್ನುತ್ತೀರಿ ಎಂದು ವಿಲಿಯಂ ಆರ್ನಾಲ್ಡ್ ಎಂಬ ಜೀವವಿಜ್ಞಾನಿಯನ್ನು ಕೇಳಿ, ಅವರು ಹೇಳಿದ ಶಬ್ದವನ್ನೇ ಎರವಲು ಪಡೆದರು.

ಸುತ್ತಿಗೆಯ ಕಲ್ಪನೆ ದೊಡ್ಡ ದೊಡ್ಡ ವಿಜ್ಞಾನಿಗಳನ್ನೇ ನಾಲ್ಕು ವರ್ಷ ದಾರಿ ತಪ್ಪಿಸಿತ್ತು ಎಂಬುದು ನನ್ನಂಥವರಿಗೆ ಸಮಾಧಾನದ ಸಂಗತಿ. 1934ರಲ್ಲಿ ರೋಮ್‌ನಲ್ಲಿ ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಯುರೇನಿಯಂ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದಾಗ ಅದು ಒಡೆದಿತ್ತು. ಆದರೆ ಒಡೆದಿದೆ ಎಂದು ಯಾರಿಗೂ ತೋರಲಿಲ್ಲ. ಇಷ್ಟು ಸಣ್ಣ ಕಣವೊಂದು ತನ್ನ ಇನ್ನೂರು ಪಾಲಿಗೂ ಮೀರಿ ತೂಗುವ ನ್ಯೂಕ್ಲಿಯಸ್ಸಿನಿಂದ ಒಂದೆರಡು ಚೂರನ್ನು ಕಿತ್ತೀತೇ ಹೊರತು ಅದನ್ನು ಎರಡು ಹೋಳು ಮಾಡೀತು ಎಂದು ನಂಬಲು ಕಾರಣವೇ ಇರಲಿಲ್ಲ. ಹೊಸ ವಿಕಿರಣಗಳು ಕಂಡದ್ದರಿಂದ ಯುರೇನಿಯಂಗಿಂತ ಭಾರವಾದ ಹೊಸ ಧಾತುಗಳು ಹುಟ್ಟಿವೆ ಎಂದು ತಿಳಿದರು. ಜರ್ಮನಿಯ ರಸಾಯನಶಾಸ್ತ್ರಜ್ಞೆ ಇಡಾ ನೊಡಾಕ್ ಅದೇ ವರ್ಷ, ನ್ಯೂಕ್ಲಿಯಸ್ಸು ಹಲವು ದೊಡ್ಡ ಹೋಳುಗಳಾಗಿರಬಹುದಲ್ಲ ಎಂದು ಬರೆದರೂ ಯಾರೂ ಕಿವಿಗೊಡಲಿಲ್ಲ. ಫರ್ಮಿಯವರಿಗೆ 1938ರ ಡಿಸೆಂಬರ್ 10ರಂದು ನೊಬೆಲ್ ಸಂದಿತು. ಆ ಧಾತುಗಳಲ್ಲಿ ಬಹುಪಾಲು ಹೊಸವೇ ಅಲ್ಲ ಎಂಬುದು ಅದೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಗೊತ್ತಾಯಿತು.

ಬರ್ಲಿನ್‌ನಲ್ಲಿ ಆಟೋ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ನ್ಯೂಟ್ರಾನು ತಾಗಿದ ಯುರೇನಿಯಂನಿಂದ ರೇಡಿಯಂ ಎಂದು ತಾವು ಭಾವಿಸಿದ್ದ ವಸ್ತುವನ್ನು ಬೇರ್ಪಡಿಸುತ್ತಿದ್ದರು. ಅತ್ಯಲ್ಪ ಪ್ರಮಾಣದ ಆ ವಸ್ತುವನ್ನು ಹಿಡಿದು ತರಲು ಬೇರಿಯಂ ಲವಣವನ್ನು ಸೇರಿಸುವುದು ಪದ್ಧತಿ, ಆಮೇಲೆ ಬೇರಿಯಂ ಅನ್ನು ಬೇರೆ ಮಾಡಬೇಕು. ಎಷ್ಟು ಸಲ ಮಾಡಿದರೂ ಅದು ಬೇರಿಯಂ ಬಿಟ್ಟು ಬರಲೊಲ್ಲದು. ಕೊನೆಗೆ ಉಳಿದದ್ದು ಒಂದೇ ತೀರ್ಮಾನ: ಅದು ಬೇರಿಯಮ್ಮೇ. 92ನೆಯ ಧಾತುವಿನಿಂದ 56ನೆಯದು ಹೇಗೆ ಬಂತು ಎಂಬುದಕ್ಕೆ ಇಬ್ಬರು ರಸಾಯನಶಾಸ್ತ್ರಜ್ಞರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಹೇಳಬಲ್ಲವರಾಗಿದ್ದ ಅವರ ತಂಡದ ಭೌತವಿಜ್ಞಾನಿ ಲೀಸ ಮೈಟ್ನರ್ ಯಹೂದಿ ಮನೆತನದವರೆಂಬ ಕಾರಣಕ್ಕೆ ಆ ವರ್ಷ ಜುಲೈನಲ್ಲಿ ಗಡಿ ದಾಟಿ ಪಾರಾಗಿ ಸ್ವೀಡನ್ ಸೇರಿದ್ದರು. ಹಾನ್ ಡಿಸೆಂಬರ್ 19ರಂದು ಅವರಿಗೆ ಪತ್ರ ಬರೆದರು.

ಅರವತ್ತರ ಮೈಟ್ನರ್ ಕ್ರಿಸ್‌ಮಸ್ ಕಳೆಯಲು ಕುಂಗೆಲ್ವ್ ಎಂಬ ಊರಿಗೆ ಬಂದಿದ್ದರು. ಅಲ್ಲಿಗೆ ಕೋಪನ್‌ಹೇಗನ್‌ನಿಂದ ಬಂದ ಅವರ ಅಕ್ಕನ ಮಗನೇ ಈ ಆಟೋ ಫ್ರಿಶ್. ಹಿಮದ ಮೇಲೆ ಫ್ರಿಶ್ ಸ್ಕೀ ಕಟ್ಟಿಕೊಂಡು ಜಾರುತ್ತ, ಚಿಕ್ಕಮ್ಮ ಕಾಲ್ನಡಿಗೆಯಲ್ಲೇ ಅವರಿಗೆ ಸರಿಸಮವಾಗಿ ಹೆಜ್ಜೆ ಹಾಕುತ್ತ, ಪತ್ರದ ವಿಷಯವನ್ನೇ ಮಾತಾಡುತ್ತ ಹೋದರು; ಕೊನೆಗೆ ಬಿದ್ದ ಮರದ ದಿಮ್ಮಿಯೊಂದರ ಮೇಲೆ ಕೂತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕತೊಡಗಿದರು. ನ್ಯೂಕ್ಲಿಯಸ್ಸನ್ನು ಗಟ್ಟಿ ಗೋಲಿಯಂತೆ ಕಾಣದೆ ದ್ರವದ ಹನಿಯಂತೆ ಕಾಣಬೇಕು ಎಂಬ ವಿಚಾರವನ್ನು ಜಾರ್ಜ್ ಗ್ಯಾಮೊ ಮತ್ತು ನೀಲ್ಸ್ ಬೋರ್ ಮೊದಲೇ ಮುಂದಿಟ್ಟಿದ್ದರು. ದಿಮ್ಮಿಯ ಮೇಲೆ ಕೂತ ಇಬ್ಬರೂ ಕೇಳಿಕೊಂಡದ್ದು, ಹನಿಯೇ ಆದರೆ ಅದು ಎಂಥ ಹನಿ ಎಂದು.

ಇದನ್ನು ತಿಳಿಯಲು ನಮ್ಮ ಕಡೆಯವರಿಗೆ ಹಿಮ ಬೇಕಾಗಿಲ್ಲ, ಮಳೆಗಾಲದ ಹಿತ್ತಿಲು ಸಾಕು. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಎಲೆಗೆ ಅಂಟುವುದಿಲ್ಲ, ಮುತ್ತಾಗಿ ನಿಲ್ಲುತ್ತದೆ. ಅದನ್ನು ಹಾಗೆ ಗುಂಡಾಗಿ ಹಿಡಿದಿಡುವುದು ಮೇಲ್ಮೈ ಎಳೆತ. ಎಲೆಯನ್ನು ಅಲುಗಿಸಿದರೆ ಸಣ್ಣ ಹನಿ ತುಸು ನಡುಗಿ ಮತ್ತೆ ಗುಂಡಾಗುತ್ತದೆ. ದೊಡ್ಡ ಹನಿಯಾದರೆ ಉದ್ದಕ್ಕೆ ಎಳೆದುಕೊಂಡು, ನಡು ಸಣ್ಣಗಾಗಿ, ಒಂದು ಕ್ಷಣ ಡಮರುವಿನಂತೆ ಕಂಡು, ಎರಡಾಗಿ ಬೇರೆ ಬೇರೆ ಉರುಳುತ್ತದೆ. ನ್ಯೂಕ್ಲಿಯಸ್ಸಿನಲ್ಲಿ ಮೇಲ್ಮೈ ಎಳೆತದ ಕೆಲಸ ಮಾಡುವುದು ಪ್ರೋಟಾನು, ನ್ಯೂಟ್ರಾನುಗಳನ್ನು ಕಟ್ಟುವ ಪ್ರಬಲ ಬಲ. ಅದು ಹೆಸರಿಗೆ ತಕ್ಕಂತೆ ಪ್ರಬಲವಾದರೂ ಅದರ ಕೈ ಚಿಕ್ಕದು, ಪಕ್ಕದಲ್ಲಿರುವ ಕಣವನ್ನಷ್ಟೇ ಹಿಡಿಯುತ್ತದೆ. ಪ್ರೋಟಾನುಗಳ ನಡುವಿನ ವಿದ್ಯುತ್ ವಿಕರ್ಷಣೆ ಅಷ್ಟು ಬಲವಾದದ್ದಲ್ಲ, ಆದರೆ ದೂರ ಮುಟ್ಟುತ್ತದೆ. ಪ್ರತಿಯೊಂದು ಪ್ರೋಟಾನು ಉಳಿದ ಎಲ್ಲವನ್ನೂ ತಳ್ಳುತ್ತದೆ. ಯುರೇನಿಯಂನ 92 ಪ್ರೋಟಾನುಗಳಲ್ಲಿ ಹೀಗೆ ಪರಸ್ಪರ ತಳ್ಳುವ ಜೋಡಿಗಳೇ 4186. ಆದ್ದರಿಂದ ಹನಿ ದೊಡ್ಡದಾದಷ್ಟೂ ಹಿಡಿತ ಹಿಂದೆ ಬಿದ್ದು ತಳ್ಳಾಟ ಮುಂದಾಗುತ್ತದೆ. ಯುರೇನಿಯಂನಷ್ಟು ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸರಿಸಮವಾಗಿ, ಹನಿಯನ್ನು ಗುಂಡಾಗಿಟ್ಟಿರುವುದು ಒಂದು ಸಣ್ಣ ದಿಣ್ಣೆ ಮಾತ್ರ. ಪರಮಾಣು ಲೋಕದಲ್ಲಿ ಶಕ್ತಿಯನ್ನು ಅಳೆಯುವ ಪುಟ್ಟ ಮಾನ ಎಲೆಕ್ಟ್ರಾನ್ ವೋಲ್ಟ್; ಆ ದಿಣ್ಣೆಯ ಎತ್ತರ ಸುಮಾರು 60 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದನ್ನು ದಾಟಿದರೆ ಆಚೆಯದೆಲ್ಲ ಇಳಿಜಾರು.

ಇಳಿಜಾರು ಎಷ್ಟು ಆಳ ಎಂಬುದನ್ನು ಚಿಕ್ಕಮ್ಮ, ಮಗ ಇಬ್ಬರೂ ಎರಡು ದಾರಿಯಿಂದ ಲೆಕ್ಕ ಹಾಕಿದರು. ಎರಡು ಹೋಳುಗಳು ಬೇರೆಯಾದ ಗಳಿಗೆಯಲ್ಲಿ ಅವು ಒಂದಕ್ಕೊಂದು ಬಹಳ ಹತ್ತಿರದಲ್ಲಿವೆ, ಎರಡರಲ್ಲೂ ಧನ ವಿದ್ಯುದಂಶವಿದೆ. ಅವು ಒಂದನ್ನೊಂದು ತಳ್ಳಿ ದೂರವಾಗುವ ಹೊತ್ತಿಗೆ ಗಳಿಸುವ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಇದು ಮೊದಲ ಲೆಕ್ಕ. ಎರಡನೆಯದಕ್ಕೆ ಬೇಕಾದ ನ್ಯೂಕ್ಲಿಯಸ್ಸುಗಳ ತೂಕದ ಸೂತ್ರ ಮೈಟ್ನರ್ ಅವರಿಗೆ ಬಾಯಿಪಾಠವಿತ್ತು. ಎರಡು ಹೋಳುಗಳ ತೂಕವನ್ನು ಕೂಡಿಸಿದರೆ ಮೂಲ ನ್ಯೂಕ್ಲಿಯಸ್ಸಿಗಿಂತ ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ಕಡಿಮೆ ಬರುತ್ತದೆ. ಐನ್‌ಸ್ಟೈನ್ ಸೂತ್ರದಿಂದ ಆ ಕೊರತೆಯನ್ನು ಶಕ್ತಿಗೆ ತಿರುಗಿಸಿದರೆ ಬರುವುದೂ ಅದೇ 20 ಕೋಟಿ. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಯಂತ್ರವಿಲ್ಲ, ಪ್ರಯೋಗಶಾಲೆಯಿಲ್ಲ, ಕಾಗದದ ಚೂರಿನ ಮೇಲೆ ಎರಡು ಲೆಕ್ಕಗಳು ತಾಳೆಯಾದವು, ಅಷ್ಟೆ. ಅವರ ವಿವರಣೆ 1939ರ ಫೆಬ್ರವರಿ 11ರಂದು ಪ್ರಕಟವಾಯಿತು. ಅದಕ್ಕೂ ಮುಂಚೆ, ಜನವರಿಯಲ್ಲೇ, ಫ್ರಿಶ್ ಹೋಳುಗಳ ರಭಸವನ್ನು ಉಪಕರಣದಲ್ಲಿ ಕಣ್ಣಾರೆ ಕಂಡಿದ್ದರು. ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು.

ಇಲ್ಲಿ ನನ್ನದೊಂದು ತಕರಾರಿದೆ. ಜನಪ್ರಿಯ ಬರಹಗಳೆಲ್ಲ ಎರಡನೆಯ ಲೆಕ್ಕವನ್ನಷ್ಟೇ ಹಿಡಿದು, ದ್ರವ್ಯ ಮಾಯವಾಗಿ ಶಕ್ತಿಯಾಯಿತು ಎಂದು ಮಂತ್ರದಂತೆ ಹೇಳಿ ಮುಗಿಸುತ್ತವೆ. ಹಾಗೆ ಹೇಳಿದರೆ ಪ್ರೋಟಾನೋ ನ್ಯೂಟ್ರಾನೋ ಕರಗಿಹೋಯಿತೆಂಬ ಭಾವನೆ ಬರುತ್ತದೆ; ನಿಜವಾಗಿ ಒಡೆಯುವ ಮುನ್ನ ಇದ್ದಷ್ಟೇ ಕಣಗಳು ಒಡೆದ ಕ್ಷಣದಲ್ಲೂ ಇರುತ್ತವೆ. ತೂಕದ ಕೊರತೆ ಎಂಬುದು ಲೆಕ್ಕದ ಪುಸ್ತಕದ ಬಾಕಿ ಮಾತ್ರ. ಕಟ್ಟಿಗೆ ಉರಿದಾಗಲೂ ಅಂಥ ಕೊರತೆ ಬೀಳುತ್ತದೆ, ತೂಗಲಾರದಷ್ಟು ಸಣ್ಣದಾದ್ದರಿಂದ ಯಾರೂ ಹೇಳುವುದಿಲ್ಲ. ಹೋಳುಗಳನ್ನು ನೂಕುವ ಕೈ ಯಾವುದು ಎಂದರೆ, ಒಣ ಕೂದಲು ಬಾಚಿದಾಗ ಎಳೆ ಎಳೆಯೂ ಬೇರೆಯಾಗಿ ನಿಗುರುತ್ತದಲ್ಲ, ಆ ಕೈಯೇ. ಅಣುಶಕ್ತಿ ಎಂದು ನಾವು ಬೆರಗಿನಿಂದ ಕರೆಯುವುದರ ಬಹುಪಾಲು ಶಾಲೆಯಲ್ಲಿ ಕಲಿತ ಹಳೆಯ ವಿದ್ಯುತ್ ವಿಕರ್ಷಣೆ. ಪ್ರಬಲ ಬಲ ಇಷ್ಟು ಕಾಲ ಅದನ್ನು ಕಟ್ಟಿಹಾಕಿತ್ತು.

ಇನ್ನು ನಿಧಾನದ ನ್ಯೂಟ್ರಾನು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ್ದರಿಂದ ಅದನ್ನು ಬಾಗಿಲಲ್ಲಿ ತಡೆಯುವವರಿಲ್ಲ. ನಿಧಾನವಾದಷ್ಟೂ ಅದು ನ್ಯೂಕ್ಲಿಯಸ್ಸಿನ ಕೈಗೆ ಸಿಗುವ ಸಂಭವ ಹೆಚ್ಚು; ಕ್ವಾಂಟಂ ಭಾಷೆಯಲ್ಲಿ ಹೇಳುವುದಾದರೆ ಮೆಲ್ಲಗೆ ಚಲಿಸುವ ನ್ಯೂಟ್ರಾನಿನ ಅಲೆ ನ್ಯೂಕ್ಲಿಯಸ್ಸಿನ ಅಗಲದ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಹರಡಿರುತ್ತದೆ. ಒಳಗೆ ಹೋದ ಮೇಲೆ ಅದನ್ನು ಪ್ರಬಲ ಬಲ ಹಿಡಿದುಕೊಳ್ಳುತ್ತದೆ. ಬಾವಿಗೆ ಬಿದ್ದ ಕೊಡಪಾನವನ್ನು ನೆನೆಯಿರಿ: ಕಟ್ಟೆಯಿಂದ ಮೆಲ್ಲಗೆ ಜಾರಿದರೂ ನೀರಿಗೆ ಬಡಿಯುವ ಸದ್ದನ್ನು ಬಾವಿಯ ಆಳವೇ ನಿರ್ಧರಿಸುತ್ತದೆ. ನಿಧಾನದ ನ್ಯೂಟ್ರಾನು ತನ್ನೊಡನೆ ತರುವ ಚಲನಶಕ್ತಿ ಎಲೆಕ್ಟ್ರಾನ್ ವೋಲ್ಟಿನ ನಲವತ್ತನೆಯ ಒಂದು ಭಾಗ. ಯುರೇನಿಯಂ 235ರೊಳಗೆ ಅದು ಬಿದ್ದಾಗ ಹೊಮ್ಮುವುದು 65 ಲಕ್ಷ. ದಿಣ್ಣೆ ದಾಟಲು ಅಷ್ಟು ಸಾಕು. ಹನಿ ಅಲುಗುತ್ತದೆ, ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ.

ಯುರೇನಿಯಂ 238ರಲ್ಲಿ ಇದು ನಡೆಯುವುದಿಲ್ಲ ಎಂಬುದು ಲೋಕದ ಭಾಗ್ಯವೋ ದೌರ್ಭಾಗ್ಯವೋ ತಿಳಿಯದು. 235, 238 ಎಂಬುವು ನ್ಯೂಕ್ಲಿಯಸ್ಸಿನ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ; ಪ್ರೋಟಾನು ಎರಡರಲ್ಲೂ 92. ನ್ಯೂಟ್ರಾನುಗಳು ಜೋಡಿಯಾಗಿರುವುದನ್ನು ಬಯಸುತ್ತವೆ. 235ರಲ್ಲಿ ಅವುಗಳ ಸಂಖ್ಯೆ 143, ಒಂದು ಒಂಟಿ. ಹೊಸದಾಗಿ ಬಂದದ್ದು ಅದಕ್ಕೆ ಜೊತೆಯಾಗಿ ಹೆಚ್ಚು ಶಕ್ತಿ ಹೊಮ್ಮುತ್ತದೆ. 238ರಲ್ಲಿ 146, ಎಲ್ಲವೂ ಜೋಡಿ. ಬಂದದ್ದು ತಾನೇ ಒಂಟಿಯಾಗಿ 48 ಲಕ್ಷಕ್ಕೇ ನಿಂತು ದಿಣ್ಣೆಯ ಈಚೆಗೇ ಉಳಿಯುತ್ತದೆ. ಈ ವ್ಯತ್ಯಾಸವನ್ನು 1939ರ ಫೆಬ್ರವರಿಯಲ್ಲಿ ಪ್ರಿನ್ಸ್‌ಟನ್‌ನಲ್ಲಿದ್ದ ಬೋರ್ ಕಂಡುಕೊಂಡರು. ಜಾನ್ ವೀಲರ್ ಜೊತೆ ಅವರು ಬರೆದ ಪೂರ್ಣ ಸಿದ್ಧಾಂತ ಅಚ್ಚಾದದ್ದು ಸೆಪ್ಟೆಂಬರ್ 1ರಂದು, ಎರಡನೆಯ ಮಹಾಯುದ್ಧ ಆರಂಭವಾದ ದಿನವೇ. ಭೂಮಿಯಲ್ಲಿ ಸಿಗುವ ಯುರೇನಿಯಂನಲ್ಲಿ ಈ ಒಂಟಿ ಬಗೆಯದು ಶೇಕಡಾ 0.7 ಮಾತ್ರ.

ಬೇರೆಯಾದ ಹೋಳುಗಳು ಸೆಕೆಂಡಿಗೆ ಸುಮಾರು 10,000 ಕಿಲೋಮೀಟರ್ ವೇಗದಲ್ಲಿ ಹೊರಡುತ್ತವೆ, ಆದರೆ ಅವುಗಳ ಪ್ರಯಾಣ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟರಲ್ಲೇ ಮುಗಿಯುತ್ತದೆ. ಸುತ್ತಲಿನ ಪರಮಾಣುಗಳಿಗೆ ಢಿಕ್ಕಿ ಹೊಡೆದು ಹೊಡೆದು ನಿಲ್ಲುತ್ತವೆ, ಇಂಧನ ಬಿಸಿಯಾಗುತ್ತದೆ, ಅಲ್ಲಿಂದ ಮುಂದೆ ಬಚ್ಚಲ ಹಂಡೆಗೂ ಪರಮಾಣು ಸ್ಥಾವರಕ್ಕೂ ತಾತ್ತ್ವಿಕವಾಗಿ ಭೇದವಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಳಿ ನದಿಯ ದಂಡೆಯ ಮೇಲಿರುವ ಕೈಗಾದ ನಾಲ್ಕು ಘಟಕಗಳಲ್ಲಿ ಪ್ರತಿಯೊಂದೂ 220 ಮೆಗಾವ್ಯಾಟ್ ವಿದ್ಯುತ್ತಿಗಾಗಿ ಸುಮಾರು 750 ಮೆಗಾವ್ಯಾಟ್ ಶಾಖವನ್ನು ಉತ್ಪಾದಿಸುತ್ತದೆ. ಇದಕ್ಕಾಗಿ ದಿನವೊಂದಕ್ಕೆ ಒಡೆಯುವ ಪರಮಾಣುಗಳೆಲ್ಲದರ ತೂಕ ಮುಕ್ಕಾಲು ಕಿಲೋಗ್ರಾಮಿಗಿಂತ ತುಸು ಹೆಚ್ಚು, ಅದರಲ್ಲಿ ಲೆಕ್ಕದ ಕೊರತೆಯಾಗುವುದು ಒಂದು ಗ್ರಾಮಿಗಿಂತ ಕಡಿಮೆ. ನಮ್ಮ ದೇಶದ ಕಲ್ಲಿದ್ದಲಿನಿಂದ ಅಷ್ಟೇ ವಿದ್ಯುತ್ ತೆಗೆಯಲು ದಿನಕ್ಕೆ ಮೂರು ಸಾವಿರ ಟನ್ನಿಗೂ ಮೇಲೆ ಬೇಕು. ಇಂಗಾಲದ ಒಂದು ಪರಮಾಣು ಉರಿದರೆ ಸಿಗುವುದು ನಾಲ್ಕೇ ಎಲೆಕ್ಟ್ರಾನ್ ವೋಲ್ಟ್.

ಹೋಳುಗಳಿಗೆ ಹುಟ್ಟಿನಿಂದಲೇ ಬಂದ ಒಂದು ಹೊರೆಯಿದೆ. ಭಾರವಾದ ನ್ಯೂಕ್ಲಿಯಸ್ಸು ವಿಕರ್ಷಣೆಯನ್ನು ತಾಳಿಕೊಳ್ಳಲು ಪ್ರೋಟಾನಿಗಿಂತ ಒಂದೂವರೆ ಪಟ್ಟು ನ್ಯೂಟ್ರಾನುಗಳನ್ನು ಇಟ್ಟುಕೊಂಡಿರುತ್ತದೆ. ಬೇರಿಯಂ, ಕ್ರಿಪ್ಟಾನ್‌ನಂಥ ಮಧ್ಯಮ ಗಾತ್ರದವಕ್ಕೆ ಅಷ್ಟು ಬೇಡ. ಪಾಲಾದ ಮನೆಯಲ್ಲಿ ಸಾಮಾನು ಹೆಚ್ಚಾದ ಹಾಗೆ, ಎರಡು ಹೋಳಿಗೂ ನ್ಯೂಟ್ರಾನು ಅತಿಯಾಗುತ್ತದೆ. ವಿದಳನದ ಮುಂದಿನ ಕತೆಯೆಲ್ಲ, ಒಳ್ಳೆಯದೂ ಕೆಟ್ಟದ್ದೂ, ಈ ಹೆಚ್ಚುವರಿಯಿಂದಲೇ ಹುಟ್ಟುತ್ತದೆ. ಮೊದಲನೆಯದಾಗಿ, ಪ್ರತಿ ವಿದಳನದಲ್ಲೂ ಸರಾಸರಿ 2.4 ನ್ಯೂಟ್ರಾನುಗಳು ಆಗಿಂದಾಗಲೇ ಹೊರಬೀಳುತ್ತವೆ, ಅದರಿಂದ ಒಂದು ವಿದಳನ ಮತ್ತೊಂದನ್ನು ಹುಟ್ಟಿಸುವ ಸರಪಳಿ ಸಾಧ್ಯವಾಗುತ್ತದೆ. ಇವು ಹೊರಬೀಳುವುದು ನಡು ಹರಿಯುವಾಗಲೋ, ಓಡುತ್ತಿರುವ ಹೋಳುಗಳಿಂದಲೋ ಎಂಬ ಪ್ರಶ್ನೆಯನ್ನು 1960ರ ದಶಕದಲ್ಲಿ ಮುಂಬೈಯ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅಳೆದು ನೋಡಿದವರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಒಬ್ಬರು. ಬಹುಪಾಲು ಬರುವುದು ಓಡುವ ಹೋಳುಗಳಿಂದ. ರಾಮಣ್ಣನವರ ಹೆಸರು ಬಂದರೆ ಪೋಖ್ರಾನ್ ಮತ್ತು ಪಿಯಾನೋ ನೆನಪಾಗುವಷ್ಟು ಬೇಗ ಈ ಕೆಲಸ ನಮ್ಮವರಿಗೆ ನೆನಪಾಗುವುದಿಲ್ಲ.

ಹೀಗೆ ಹುಟ್ಟುವ ನ್ಯೂಟ್ರಾನುಗಳ ವೇಗ ವಿಪರೀತ, ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಅವನ್ನು ಸೆಕೆಂಡಿಗೆ ಎರಡು ಕಿಲೋಮೀಟರಿನ ಆಸುಪಾಸಿಗೆ ಇಳಿಸಬೇಕು, ಇಲ್ಲವಾದರೆ ಆ 0.7 ಶೇಕಡಾ ಯುರೇನಿಯಂ ಅವನ್ನು ಹಿಡಿಯಲಾರದು. ಇಲ್ಲಿ ಮೇಷ್ಟ್ರ ಕ್ಯಾರಂ ಬೋರ್ಡಿಗೆ ನಿಜವಾದ ಜಾಗ ಸಿಗುತ್ತದೆ. ಒಂದು ಕಾಯಿ ನಿಂತಿರುವ ಇನ್ನೊಂದು ಸಮತೂಕದ ಕಾಯಿಗೆ ನೇರವಾಗಿ ತಾಗಿದರೆ ತಾನು ನಿಂತು ಅದನ್ನು ಕಳಿಸುತ್ತದೆ. ಬೋರ್ಡಿನ ಭಾರವಾದ ಅಂಚಿಗೆ ಬಡಿದರೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ಮರಳುತ್ತದೆ. ಆದ್ದರಿಂದ ಮಂದಕವಾಗಿ, ಅಂದರೆ ನ್ಯೂಟ್ರಾನಿನ ವೇಗ ತಗ್ಗಿಸುವ ವಸ್ತುವಾಗಿ, ಹಗುರವಾದ ಪರಮಾಣುಗಳೇ ಬೇಕು. ಜಲಜನಕಕ್ಕೆ ಸುಮಾರು 18 ಢಿಕ್ಕಿ ಸಾಕು, ಆದರೆ ಅದು ಢಿಕ್ಕಿಯ ನಡುವೆ ನ್ಯೂಟ್ರಾನನ್ನು ನುಂಗಿಯೂ ಬಿಡುತ್ತದೆ. ಭಾರವಾದ ಬಗೆಯ ಜಲಜನಕವಿರುವ ಭಾರಜಲದಲ್ಲಿ 35ರಷ್ಟು ಢಿಕ್ಕಿ ಬೇಕಾದರೂ ನುಂಗುವುದು ತೀರ ಕಡಿಮೆ. ಕೈಗಾದಲ್ಲಿ ಭಾರಜಲವನ್ನು ಬಳಸುವುದೂ, ಅದರಿಂದಾಗಿ ಸಂವರ್ಧನೆ ಮಾಡದ, ಎಂದರೆ 235ರ ಪಾಲನ್ನು ಹೆಚ್ಚಿಸದ, ಸಹಜ ಯುರೇನಿಯಂನಲ್ಲೇ ಸ್ಥಾವರ ನಡೆಯುವುದೂ ಇದಕ್ಕಾಗಿಯೇ. ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ ಈ ವಿನ್ಯಾಸದಲ್ಲಿ ಕೈಗಾದ ಒಂದನೆಯ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಬರೆಯಿತು.

ಹೋಳುಗಳ ಆ ಹೆಚ್ಚುವರಿಯಿಂದ ಹುಟ್ಟುವ ಎರಡನೆಯದು ತಡವಾಗಿ ಬರುವ ನ್ಯೂಟ್ರಾನುಗಳು, ಸಾವಿರಕ್ಕೆ ಆರೇಳು. ಕೆಲವು ಹೋಳುಗಳು ಒಮ್ಮೆಗೇ ಭಾರ ಇಳಿಸದೆ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ಆಮೇಲೆ ಬಿಡುತ್ತವೆ. ಬ್ರೋಮಿನ್ 87ರಂಥದ್ದು ಒಂದು ನಿಮಿಷದಷ್ಟು ಕಾಯಿಸುತ್ತದೆ. ತಕ್ಷಣದ ನ್ಯೂಟ್ರಾನುಗಳ ಒಂದು ತಲೆಮಾರು ಸೆಕೆಂಡಿನ ಸಾವಿರದ ಒಂದು ಭಾಗದಲ್ಲೋ ಇನ್ನೂ ಬೇಗವೋ ಮುಗಿಯುತ್ತದೆ, ಅಷ್ಟರಲ್ಲಿ ನ್ಯೂಟ್ರಾನು ನುಂಗಿ ಸರಪಳಿಯನ್ನು ಹದದಲ್ಲಿಡುವ ಯಾವ ನಿಯಂತ್ರಕ ಸರಳನ್ನೂ ಅಲುಗಿಸಲಾಗದು. ಸರಪಳಿಯ ಲೆಕ್ಕವನ್ನು ಆ ಆರೇಳು ಸೋಮಾರಿಗಳು ಬಂದರಷ್ಟೇ ಪೂರ್ತಿಯಾಗುವಂತೆ ಇಟ್ಟುಕೊಂಡರೆ, ಇಡೀ ಯಂತ್ರ ಅವುಗಳ ನಡಿಗೆಗೆ ತಕ್ಕಂತೆ ನಡೆಯುತ್ತದೆ. 1942ರ ಡಿಸೆಂಬರ್ 2ರಂದು ಶಿಕಾಗೊದ ಆಟದ ಮೈದಾನದ ಗ್ಯಾಲರಿಯ ಕೆಳಗೆ ಫರ್ಮಿ ಮೊದಲ ಸರಪಳಿಯನ್ನು ನಡೆಸಿದಾಗ, ಬೆಳಗ್ಗೆ ಸುರಕ್ಷತಾ ಸರಳು ತಾನಾಗಿ ಬಿದ್ದಿತೆಂದು ಎಲ್ಲರನ್ನೂ ಊಟಕ್ಕೆ ಕಳಿಸಿ, ಮಧ್ಯಾಹ್ನ ಬಂದು ಸರಳನ್ನು ಸ್ವಲ್ಪ ಸ್ವಲ್ಪವೇ ಎಳೆಸಿದರು. ಅಷ್ಟು ನಿಧಾನವಾಗಿ ಆ ಕೆಲಸ ಮಾಡಲು ಸಾಧ್ಯವಾದದ್ದು ಈ ಸೋಮಾರಿಗಳಿಂದ. ಅಂದು ಹೊಮ್ಮಿದ್ದು ಅರ್ಧ ವ್ಯಾಟ್.

ಮೂರನೆಯದು ಕಷ್ಟದ್ದು. ನ್ಯೂಟ್ರಾನು ಬಿಟ್ಟ ಮೇಲೂ ಹೋಳುಗಳಲ್ಲಿ ಅದು ಹೆಚ್ಚಾಗಿಯೇ ಉಳಿದು, ಒಂದೊಂದಾಗಿ ಪ್ರೋಟಾನಾಗಿ ಬದಲಾಗುತ್ತ ಬೀಟಾ ಮತ್ತು ಗಾಮಾ ವಿಕಿರಣವನ್ನು ಹೊಮ್ಮಿಸುತ್ತವೆ. ಅಯೋಡಿನ್ 131 ಎಂಟು ದಿನಕ್ಕೆ ಅರ್ಧವಾಗುತ್ತದೆ, ಸೀಸಿಯಂ 137ಕ್ಕೆ ಮೂವತ್ತು ವರ್ಷ ಬೇಕು. ಸರಪಳಿ ನಿಂತರೂ ಈ ಶಾಖಕ್ಕೆ ಸ್ವಿಚ್ಚಿಲ್ಲ: ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇಕಡಾ ಆರೇಳರಷ್ಟು, ಅಂದರೆ ಕೈಗಾದ ಅಳತೆಯ ಘಟಕದಲ್ಲಿ 50 ಮೆಗಾವ್ಯಾಟ್ ಆಸುಪಾಸು, ಒಂದು ದಿನ ಕಳೆದರೂ ನಾಲ್ಕು ಮೆಗಾವ್ಯಾಟಿನ ಹತ್ತಿರ. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪವಾದೊಡನೆ ಸರಪಳಿ ನಿಯಮದಂತೆ ನಿಂತಿತ್ತು. ಸುನಾಮಿ ಜನರೇಟರುಗಳನ್ನು ಮುಳುಗಿಸಿ ನೀರು ಹರಿಯುವುದು ನಿಂತಾಗ ಇಂಧನವನ್ನು ಕರಗಿಸಿದ್ದು ಈ ಉಳಿಕೆ ಶಾಖ. ಪರಮಾಣು ಸ್ಥಾವರದ ಪರ ವಿರೋಧ ಮಾತಾಡುವವರು ಅದು ಬಾಂಬಿನ ಹಾಗೆ ಸಿಡಿಯುವುದೋ, ಇಲ್ಲವೋ ಎಂಬ ವಾದದಲ್ಲಿ ಕಾಲ ಕಳೆಯುವುದನ್ನು ನೋಡಿದಾಗ, ಮಾತು ತಪ್ಪು ಜಾಗದಲ್ಲಿ ನಡೆಯುತ್ತಿದೆ ಎನ್ನಿಸುತ್ತದೆ. ಕೇಳಬೇಕಾದ್ದು ನಿಲ್ಲಿಸಿದ ಮೇಲೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂದು.

ಸ್ಟ್ರೈಕರ್ ವಿಷಯಕ್ಕೆ ಮರಳುತ್ತೇನೆ. 1940ರಲ್ಲಿ ಸೋವಿಯತ್ ದೇಶದ ಗಿಯೋರ್ಗಿ ಫ್ಲ್ಯೋರೋವ್ ಮತ್ತು ಕಾನ್‌ಸ್ಟಾಂಟಿನ್ ಪೆಟ್ರ್‌ಜಾಕ್ ಎಂಬ ಇಬ್ಬರು ತರುಣರು ನ್ಯೂಟ್ರಾನಿನ ಆಕರವನ್ನು ದೂರವಿಟ್ಟ ಮೇಲೂ ತಮ್ಮ ಉಪಕರಣ ವಿದಳನವನ್ನು ತೋರಿಸುತ್ತಿರುವುದನ್ನು ಗಮನಿಸಿದರು. ಆಕಾಶದಿಂದ ಬರುವ ಕಣಗಳ ಪ್ರಭಾವವಿರಬಹುದೆಂಬ ಅನುಮಾನ ಬಂದು, ಉಪಕರಣವನ್ನು ಮಾಸ್ಕೋದ ನೆಲದಾಳದ ಮೆಟ್ರೋ ನಿಲ್ದಾಣವೊಂದಕ್ಕೆ ಒಯ್ದು ಮತ್ತೆ ಎಣಿಸಿದರು. ಎಣಿಕೆ ಕಡಿಮೆಯಾಗಲಿಲ್ಲ. ಯಾರೂ ತಾಗದೆಯೂ, ಬಲು ಅಪರೂಪಕ್ಕೆ, ಹನಿ ತಾನೇ ಅಲುಗಿ ದಿಣ್ಣೆಯೊಳಗಿಂದಲೇ ನುಸುಳಿ ಎರಡಾಗುತ್ತದೆ. ಕೈಗಾದಂಥ ಸ್ಥಾವರಕ್ಕೆ ಹೋಗುವ ಇಂಧನದ ಕಟ್ಟು ಅರ್ಧ ಮೀಟರ್ ಉದ್ದದ 19 ಕೊಳವೆಗಳದ್ದು, ಅದರಲ್ಲಿ ಸುಮಾರು 13 ಕಿಲೋಗ್ರಾಂ ಯುರೇನಿಯಂ ಇರುತ್ತದೆ. ಹೊಸ ಕಟ್ಟು ತಣ್ಣಗಿರುತ್ತದೆ, ಕೈಗವಸು ಹಾಕಿಕೊಂಡು ಎತ್ತಿಡಬಹುದು. ಅದು ಹಾಗೆ ಉಗ್ರಾಣದ ಹಲಗೆಯ ಮೇಲೆ ಸುಮ್ಮನೆ ಮಲಗಿರುವಾಗಲೂ ಪ್ರತಿ ಸೆಕೆಂಡಿಗೆ ಎಂಬತ್ತು ತೊಂಬತ್ತು ನ್ಯೂಕ್ಲಿಯಸ್ಸುಗಳು ಯಾರ ಹೊಡೆತವೂ ಇಲ್ಲದೆ ಎರಡಾಗುತ್ತಿರುತ್ತವೆ.